ನೋಟಿಸಿಗೆ ನಾನು ಬರೆಸಿಕೊಟ್ಟ ಉತ್ತರ

ಈಚೆಗೆ ‘ಹೃತ್ಪೂರ್ವಕ’ ಎಂಬ ಪದ ಕಂಡರೆ ನನಗೆ ಆಗುವುದಿಲ್ಲ. ಮದುವೆ ಪತ್ರಿಕೆಯಲ್ಲಿರಲಿ, ಬಸ್ ಸ್ಟ್ಯಾಂಡಿನ ಫ್ಲೆಕ್ಸಿನಲ್ಲಿರಲಿ, ಓದಿದೊಡನೆ ಮುಖ ಆ ಕಡೆ ತಿರುಗಿಸುತ್ತೇನೆ. ಪದದ ತಪ್ಪೇನೂ ಇಲ್ಲ. ಒಂದು ವರ್ಷದುದ್ದಕ್ಕೂ ಅದನ್ನು ಎಷ್ಟು ಜನರ ಅರ್ಜಿಗೆ ಮೆತ್ತಿದೆ ಎನ್ನುವುದು ನನಗೆ ಗೊತ್ತಿದೆ, ಅದಕ್ಕೆ.

ನಾನು ಅರ್ಜಿ ಬರೆದುಕೊಡುವವಳು. ಹೊನ್ನಾಳಿಯಲ್ಲಿ, ಬಸ್ ಸ್ಟ್ಯಾಂಡಿನಿಂದ ಕಚೇರಿಗಳ ಕಡೆ ಹೋಗುವ ರಸ್ತೆಯಲ್ಲಿ ಒಂದು ಜೆರಾಕ್ಸ್ ಅಂಗಡಿ ಇದೆ. ಅದರ ಮಗ್ಗುಲಿನ ಕಿರಿದಾದ ಮಳಿಗೆ ನನ್ನದು. ಒಂದು ಮೇಜು, ಒಂದು ಕಂಪ್ಯೂಟರು, ಬಂದವರು ಕೂರಲು ಒಂದು ಬೆಂಚು. ನ್ಯಾಮತಿ ಬೇರೆ ತಾಲ್ಲೂಕಾಗಿ ವರ್ಷಗಳಾದರೂ ಆ ಕಡೆಯ ಜನ ಕಾಗದ ಪತ್ರ ಅಂದರೆ ಇವತ್ತಿಗೂ ಹೊನ್ನಾಳಿ ಬಸ್ಸೇ ಹತ್ತುತ್ತಾರೆ. ರೇಷನ್ ಕಾರ್ಡಿನಲ್ಲಿ ಹೆಸರು ತಪ್ಪಿದ್ದು, ಪಹಣಿಯಲ್ಲಿ ಗುಂಟೆ ತಪ್ಪಿದ್ದು, ಮನೆ ಮುಂದಿನ ಚರಂಡಿ ಕಟ್ಟಿಕೊಂಡದ್ದು, ಹೀಗೆ ಸುತ್ತಲಿನ ಅರ್ಧ ಸಂಕಟ ಮೊದಲು ನನ್ನ ಬೆಂಚಿನ ಮೇಲೆ ಕೂತು ಆಮೇಲೆ ಕಚೇರಿಗೆ ಹೋಗುತ್ತದೆ.

ಕೆಲಸ ಕಲಿತದ್ದು ನನ್ನ ತವರು ಚನ್ನಗಿರಿಯಲ್ಲಿ. ಟೈಪಿಂಗ್ ಪಾಸಾದ ಮೇಲೆ ಅಲ್ಲಿನ ಒಬ್ಬ ವಯಸ್ಸಾದ ಪತ್ರ ಬರಹಗಾರರ ಹತ್ತಿರ ಮೂರು ವರ್ಷ ಕೂತಿದ್ದೆ. ಸಿಡುಕು ಮನುಷ್ಯ. ಬಾಯಿಗೆ ಎಲೆಯಡಿಕೆ ಹಾಕಿಕೊಂಡರೆ ಗಂಟೆಗಟ್ಟಲೆ ಮಾತಿಲ್ಲ. ಅವರದ್ದು ಒಂದು ಪದ್ಧತಿ ಇತ್ತು. ಬಂದವರು ಹೇಳುವಷ್ಟು ಹೊತ್ತು ಪೆನ್ನು ಮುಟ್ಟುತ್ತಿರಲಿಲ್ಲ. ಬರೆದಾದ ಮೇಲೆ ಸಹಿ ಹಾಕಿಸುವ ಮುಂಚೆ ಪೂರ್ತಿ ಗಟ್ಟಿಯಾಗಿ ಓದಿ ಹೇಳುತ್ತಿದ್ದರು, ಓದುವಾಗ ಕನ್ನಡಕದ ಮೇಲಿಂದ ಎದುರಿನವರ ಮುಖವನ್ನೇ ನೋಡುತ್ತಿದ್ದರು. ಹುಬ್ಬು ಗಂಟಿಕ್ಕಿದ ಕಡೆ ನಿಲ್ಲಿಸಿ, ಇಲ್ಲಿ ಏನು ಹೆಚ್ಚುಕಮ್ಮಿ ಆಯಿತು ಹೇಳು ಎನ್ನುತ್ತಿದ್ದರು. ‘ಹಂಗಲ್ರೀ, ಅದು ಹಿಂಗೆ’ ಎಂದು ಬಂದವರು ಬಾಯಿ ತೆರೆದಾಗಲೇ ನಿಜವಾದ ಅರ್ಜಿ ಹುಟ್ಟುತ್ತಿತ್ತು. ಒಂದೊಂದು ಅರ್ಜಿ ಮೂರು ಸಲ ಹರಿದು ಬರೆದದ್ದುಂಟು.

ಅವರು ನನಗೆ ಹೇಳಿಕೊಟ್ಟ ಇನ್ನೊಂದು ಸಂಗತಿ ನೋಟಿಸಿಗೆ ಉತ್ತರ ಬರೆಯುವುದರ ಬಗ್ಗೆ. ಕೈ ಮುಗಿ, ಕಾಲು ಹಿಡಿ, ದಯಮಾಡಿ ಅಂತ ಹತ್ತು ಸಲ ಬರಿ, ಬೇಡ ಅನ್ನುವುದಿಲ್ಲ. ಮಾಡದ ಕೆಲಸಕ್ಕೆ ತಪ್ಪಾಯಿತು ಅಂತ ಮಾತ್ರ ಬರೆಯಬೇಡ ಎಂದಿದ್ದರು. ಅದಕ್ಕೆ ಕಾರಣವೂ ಇತ್ತು. ನಮ್ಮ ಕಡೆ ಜನ ದಿನಕ್ಕೆ ಹತ್ತು ಸಲ ‘ತಪ್ಪಾತು ಬಿಡ್ರಿ’ ಅನ್ನುತ್ತಾರೆ. ಬಸ್ಸಿನಲ್ಲಿ ಕಾಲು ತುಳಿದರೂ ತಪ್ಪಾತು, ತುಳಿಸಿಕೊಂಡವನು ಬೈದರೂ ತಪ್ಪಾತು. ಜಗಳ ಮುಗಿಸಲು ಅದೊಂದು ಮಾತು, ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಕಾಗದದ ಮೇಲೆ ಇಳಿದರೆ ಅದಕ್ಕೆ ಸಹಿ ಇರುತ್ತದೆ, ಸೀಲು ಬೀಳುತ್ತದೆ. ಇಷ್ಟು ತಿಳಿದಿದ್ದವಳು ನಾನು. ಅದಕ್ಕೇ ನನ್ನ ಮೇಲೆ ನನಗೆ ಇಷ್ಟು ಹೇಸಿಗೆ.

ಜೆರಾಕ್ಸ್ ಅಂಗಡಿಯ ಭಾಯಿ ನನಗಿಂತ ಹತ್ತು ವರ್ಷ ಚಿಕ್ಕವನು. ಹೊಸದೇನು ಬಂದರೂ ಅವನಿಗೆ ಮೊದಲು ಗೊತ್ತಾಗುತ್ತದೆ. ಒಂದು ದಿನ ಊಟದ ಹೊತ್ತಿನಲ್ಲಿ ಬಂದು, ಈಗೆಲ್ಲ ಎಐ ಬರೆದುಕೊಡುತ್ತೆ, ನೀವಿನ್ನೂ ಒಂದೊಂದೇ ಅಕ್ಷರ ಕುಟ್ಟುತ್ತಾ ಕೂತಿದ್ದೀರಲ್ಲ ಎಂದು ಚುಡಾಯಿಸಿದ. ನನ್ನ ಫೋನಿಗೆ ಮೂರು ಹಾಕಿಕೊಟ್ಟ. ಮೂರೂ ಕನ್ನಡ ಬರೆಯುತ್ತವೆ, ಯಾವುದು ಒಗ್ಗುತ್ತದೋ ಅದನ್ನು ಇಟ್ಟುಕೊಳ್ಳಿ, ಉಳಿದದ್ದು ತೆಗೆದುಹಾಕಿ ಎಂದ. ಸೀರೆ ಅಂಗಡಿಯಲ್ಲಿ ಮೂರು ಸೀರೆ ಹರವಿ ಕೂತ ಹಾಗೆ ನಾನು ಆ ವಾರವೆಲ್ಲ ಆರಿಸುತ್ತಾ ಕೂತೆ.

ಮೂರಕ್ಕೂ ಒಂದೇ ವಿಷಯ ಕೊಟ್ಟೆ. ಊರೊಳಗೆ ಬರುತ್ತಿದ್ದ ಬಸ್ಸು ಈಗ ಕ್ರಾಸಿನಲ್ಲೇ ನಿಲ್ಲಿಸಿ ಹೋಗುತ್ತದೆ, ಮೊದಲಿನ ಹಾಗೆ ಒಳಗೆ ಬರಬೇಕು, ಅಷ್ಟೆ. ಒಂದು ನನ್ನನ್ನೇ ವಿಚಾರಣೆಗೆ ಹಿಡಿಯಿತು. ಯಾವ ಬಸ್ಸು, ಎಷ್ಟು ದಿನದಿಂದ, ಮೊದಲು ಯಾರಿಗಾದರೂ ಹೇಳಿದ್ದೀರಾ, ಅವರು ಏನೆಂದರು, ಇದು ನಿಮಗೆ ಖಚಿತವಾಗಿ ಗೊತ್ತೋ ಕೇಳಿದ್ದೋ. ಅದಕ್ಕೆ ಮೇಷ್ಟ್ರು ಎಂದು ಹೆಸರಿಟ್ಟೆ. ಎರಡನೆಯದು ಪ್ರಶ್ನೆಯನ್ನೇ ಕೇಳಲಿಲ್ಲ. ನಾನು ಹೇಳದೇ ಇದ್ದ ನೂರಾರು ವಿದ್ಯಾರ್ಥಿನಿಯರನ್ನೂ ಗರ್ಭಿಣಿಯರನ್ನೂ ಕ್ರಾಸಿನಲ್ಲಿ ಬಿಸಿಲಿಗೆ ನಿಲ್ಲಿಸಿ, ಸ್ವಾತಂತ್ರ್ಯ ಬಂದು ಇಷ್ಟು ವರ್ಷವಾದರೂ ಎಂದು ಶುರುಹಚ್ಚಿಕೊಂಡಿತು. ಅದು ಭಾಷಣ. ಮೂರನೆಯದು ಬೀಗರು.

ಬೀಗರು ಅಂದರೆ ಮಾತುಕತೆಗೆ ಬಂದ ಬೀಗರು, ಮದುವೆ ಆದ ಮೇಲಿನವರಲ್ಲ. ಏನು ಹೇಳಿದರೂ ‘ಬಹಳ ಒಳ್ಳೆಯ ವಿಚಾರ’ ಎನ್ನುತ್ತಿತ್ತು. ಮಾನ್ಯರೇ, ತಮ್ಮ ಅಮೂಲ್ಯ ಸಮಯಕ್ಕೆ ವಂದಿಸುತ್ತಾ, ತಮ್ಮ ಘನ ಕಚೇರಿಯ ಸೇವೆಯನ್ನು ಹೃತ್ಪೂರ್ವಕವಾಗಿ ಸ್ಮರಿಸುತ್ತಾ, ಎಂದು ನುಣ್ಣಗೆ ಬೆಣ್ಣೆ ಹಚ್ಚಿಕೊಂಡು ಹೋಗಿ ಕೊನೆಗೆ ಬಸ್ಸಿನ ಮಾತು ಎರಡೇ ಸಾಲಿನಲ್ಲಿ ಹೇಳಿ ಕೈಮುಗಿಯಿತು. ಕಾಗುಣಿತದ ತಪ್ಪಿಲ್ಲ. ಒಂದೇ ಪುಟ. ನನಗೆ ಅದು ಹಿಡಿಸಿತು. ಮೇಷ್ಟ್ರನ್ನು ತೆಗೆದುಹಾಕಿದ್ದಕ್ಕೆ ನಾನು ಕೊಟ್ಟುಕೊಂಡ ಕಾರಣ ಈಗ ನೆನೆಸಿಕೊಂಡರೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ. ಅದು ತುಂಬಾ ಪ್ರಶ್ನೆ ಕೇಳುತ್ತೆ, ಬೆಂಚಿನ ಮೇಲೆ ಜನ ಕಾಯ್ತಾರೆ ಎಂದಿದ್ದೆ. ಭಾಯಿಯೂ ಹೌದು ಎಂದಿದ್ದ.

ಜನಕ್ಕೆ ಬೀಗರ ಕನ್ನಡ ಭಾರಿ ಸೇರಿತು. ಅರ್ಥವಾಗುತ್ತಿರಲಿಲ್ಲ, ಅದಕ್ಕೇ ಸೇರಿತು. ಶಿಕ್ಷಣ ಇಲಾಖೆ ಕಚೇರಿಯ ಗುಮಾಸ್ತರೊಬ್ಬರು ಒಂದು ದಿನ ಚಹಾ ಅಂಗಡಿಯಲ್ಲಿ ಸಿಕ್ಕು, ಈಚೆಗೆ ನಿಮ್ಮ ಅರ್ಜಿ ಓದಿದರೆ ಮನಸ್ಸಿಗೆ ಹಿತವಾಗುತ್ತದೆ, ಸಾಹೇಬರೂ ಮೆಚ್ಚಿದ್ದಾರೆ ಎಂದರು. ನಾನು ಉಬ್ಬಿಹೋದೆ. ಯಾವುದರಲ್ಲಿ ಬರೆಸುತ್ತೀರಿ ಎಂದು ಅವರು ಕೇಳಿದ್ದಕ್ಕೆ ಅಲ್ಲೇ ಫೋನು ತೆಗೆದು ತೋರಿಸಿಕೊಟ್ಟೆ. ಅವರೂ ಹಾಕಿಕೊಂಡರು.

ಓದಿ ಹೇಳುವ ಪದ್ಧತಿ ಯಾವತ್ತು ನಿಂತಿತು ಎಂದು ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಮೊದಮೊದಲು ಓದುತ್ತಿದ್ದೆ. ಎದುರಿನವರು ಪ್ರವಚನ ಕೇಳುವವರ ಹಾಗೆ ತಲೆಯಾಡಿಸುತ್ತಿದ್ದರು. ಅಂಥ ಕನ್ನಡದಲ್ಲಿ ಅವರಿಗೆ ‘ಹಂಗಲ್ರೀ’ ಅನ್ನಲು ಎಲ್ಲೂ ಜಾಗ ಸಿಗುತ್ತಿರಲಿಲ್ಲ. ಹತ್ತು ಜನ ಸುಮ್ಮನೆ ತಲೆಯಾಡಿಸಿದ ಮೇಲೆ ಹನ್ನೊಂದನೆಯವರಿಗೆ ಓದುವ ಉಸಾಬರಿ ಯಾಕೆ ಅನ್ನಿಸಿತು. ಕೆಲಸ ಬೇಗ ಮುಗಿಯುತ್ತಿತ್ತು. ನನಗೆ ಮಧ್ಯಾಹ್ನ ಒಂದು ಕಣ್ಣು ನಿದ್ದೆ ಸಿಗುತ್ತಿತ್ತು.

ಒಂದು ಸಲ ಎಚ್ಚರವಾಗಬೇಕಿತ್ತು. ನನ್ನ ಅಕ್ಕನನ್ನು ಜಗಳೂರು ತಾಲ್ಲೂಕಿನ ಬಿಳಿಚೋಡಿಗೆ ಕೊಟ್ಟಿದೆ. ಅವಳ ಅತ್ತೆ ತೀರಿಕೊಂಡ ದಿನ ನನಗೆ ಹೊರಡಲು ಆಗಲಿಲ್ಲ. ಬೀಗರ ಕೈಲಿ ನಾಲ್ಕು ಸಾಲು ಬರೆಸಿ ಕಳಿಸಿದೆ. ಹನ್ನೊಂದನೇ ದಿನದ ಕಾರ್ಯಕ್ಕೆ ಹೋದಾಗ ಅಕ್ಕ ನನ್ನನ್ನು ಹಿತ್ತಿಲಿಗೆ ಕರೆದು ಹೇಳಿದಳು, ನೀನು ಬರೆದದ್ದು ಚೆನ್ನಾಗಿತ್ತು, ಎಲ್ಲರಿಗೂ ಓದಿ ತೋರಿಸಿದೆ, ಆದರೆ ನಮ್ಮತ್ತೆ ಯಾರು ಅಂತ ಅದಕ್ಕೆ ಗೊತ್ತಿರಲಿಲ್ಲ ಅಂತ. ನೀನು ಬರೆದದ್ದು ಎಂದು ಶುರುಮಾಡಿದವಳು ಅದಕ್ಕೆ ಎಂದು ಮುಗಿಸಿದ್ದಳು. ಆ ಮುದುಕಿ ನನ್ನ ಕೈಲಿ ಜೋಳದ ರೊಟ್ಟಿ ತಟ್ಟಿಸಿ, ದಪ್ಪ ಆಯಿತೆಂದು ಬೈದು, ಆಮೇಲೆ ಅದನ್ನೇ ತಿಂದವಳು. ನನಗೆ ಆಗ ನಾಚಿಕೆಯಾಯಿತು ನಿಜ. ವಾಪಸು ಬರುವ ಬಸ್ಸಿನಲ್ಲೇ ಅದು ಇಳಿದುಹೋಯಿತು.

ಆಮೇಲೆ ಬಂದವಳು ಒಬ್ಬ ಅಡುಗೆಯವಳು.

ಸವಳಂಗದಿಂದ ಆಚೆಗೆ ಒಂದು ಸಣ್ಣ ಊರಿನ ಶಾಲೆಯಲ್ಲಿ ಒಂಬತ್ತು ವರ್ಷದಿಂದ ಬಿಸಿಯೂಟ ಮಾಡುತ್ತಿದ್ದಳು. ಮೂವತ್ತೈದರ ಆಸುಪಾಸು, ಗಟ್ಟಿ ಹೆಂಗಸು, ಕೆಲಸಕ್ಕೆ ಹೋಗುವವರ ಹಾಗೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಸ್ಸಿಳಿದು ಬಂದಿದ್ದಳು. ಕೈಯಲ್ಲಿ ಶಿಕ್ಷಣ ಇಲಾಖೆಯ ಹೊನ್ನಾಳಿ ಕಚೇರಿಯ ನೋಟಿಸು. ಮಧ್ಯಾಹ್ನದ ಊಟ ಉಂಡು ಮಕ್ಕಳು ವಾಂತಿ ಮಾಡಿಕೊಂಡಿದ್ದಾರೆ, ಇದಕ್ಕೆ ಕಾರಣವೇನು, ನಿಮ್ಮನ್ನು ಯಾಕೆ ಕೆಲಸದಿಂದ ತೆಗೆಯಬಾರದು, ಏಳು ದಿನದಲ್ಲಿ ಲಿಖಿತವಾಗಿ ತಿಳಿಸಿ, ತೀರ್ಮಾನವಾಗುವವರೆಗೆ ಕೆಲಸಕ್ಕೆ ಬರಬೇಡಿ ಎಂದಿತ್ತು. ಅವಳು ಬಂದದ್ದು ಏಳನೇ ದಿನ.

ಅವಳು ಹೇಳಿದ್ದು ಇಷ್ಟು. ಚೀಲದ ತಳದ ಬೇಳೆ ತೆಗೆದಾಗ ಮುಗ್ಗಲು ವಾಸನೆ ಬಂತು. ಮೂಸಿ ನೋಡಿದಳು, ಅನುಮಾನ ಬಂದು ಒಂದು ಹಿಡಿ ತಟ್ಟೆಗೆ ಹಾಕಿಕೊಂಡು ಹೆಡ್ಮಾಸ್ಟರ ಹತ್ತಿರ ಹೋದಳು. ಅವರು ರಿಜಿಸ್ಟರಿನಿಂದ ತಲೆ ಎತ್ತದೆ, ಬಿಸಿ ನೀರಿನಲ್ಲಿ ಎರಡು ಸಲ ತೊಳೆದು ಹಾಕವ್ವ, ಇವತ್ತೊಂದಿನ ಆಗಲಿ ಎಂದರು. ತೊಳೆದಳು, ಹಾಕಿದಳು. ಬಡಿಸುವ ಮುಂಚೆ ಒಬ್ಬ ಶಿಕ್ಷಕರು ರುಚಿ ನೋಡಿ ಪುಸ್ತಕದಲ್ಲಿ ಸಹಿ ಮಾಡಬೇಕು, ಅದು ನಿಯಮ. ಆ ಸಹಿ ದಿನಾ ಬೆಳಿಗ್ಗೆ ಹಾಜರಿಯ ಜೊತೆಗೇ ಬಿದ್ದುಬಿಡುತ್ತದೆ, ಅವತ್ತೂ ಹಾಗೇ ಬಿದ್ದಿತ್ತು. ಮೂರು ಗಂಟೆ ಹೊತ್ತಿಗೆ ಆರು ಮಕ್ಕಳು ಕಕ್ಕಿಕೊಂಡವು. ಅದರಲ್ಲಿ ಒಂದು ಅವಳದೇ ಮಗಳು. ಮಾರನೇ ದಿನ ಎಲ್ಲವೂ ಎದ್ದು ಆಡುತ್ತಿದ್ದವು. ಆದರೆ ಹೆಡ್ಮಾಸ್ಟರು, ಬೇಳೆ ನನಗೆ ತೋರಿಸಿಯೇ ಇಲ್ಲ ಎಂದುಬಿಟ್ಟಿದ್ದರು.

“ತೋರ್ಸೀನಿ ಅಕ್ಕಾ. ತಟ್ಟೆ ಅವರ ಮೇಜಿನ ಮೇಲೆ ಇಟ್ಟಿದ್ದೆ. ನನ್ನ ಮಗಳೂ ಅದನ್ನೇ ಉಂಡಾಳೆ. ಗೊತ್ತಿದ್ದೂ ನಾನು ಹಾಕ್ತೀನಾ?” ಎಂದಳು.

ಅವಳು ಹೇಳುತ್ತಿದ್ದ ಹಾಗೆ ನಾನು ಫೋನಿಗೆ ಚುಟುಕಾಗಿ ಹೊಡೆಯುತ್ತಿದ್ದೆ. ಬೇಳೆ ಮುಗ್ಗಲು, ಮೂಸಿ ನೋಡಿದ್ದು, ತಟ್ಟೆಯಲ್ಲಿ ತೋರಿಸಿದ್ದು, ತೊಳೆದು ಹಾಕು ಅಂದದ್ದು, ಸಹಿ ಬೆಳಿಗ್ಗೆಯೇ ಬಿದ್ದದ್ದು, ಮಗಳೂ ಉಂಡದ್ದು. ಕೊನೆಗೆ, ನೋಟಿಸಿಗೆ ವಿನಯವಾಗಿ ಉತ್ತರ ಬರೆದುಕೊಡು ಎಂದು ಸೇರಿಸಿದೆ. ಬೀಗರು ‘ಖಂಡಿತ’ ಎಂದಿತು. ಹನ್ನೊಂದಕ್ಕೆ ಕರೆಂಟು ತೆಗೆಯುತ್ತಾರೆಂದು ಭಾಯಿ ಆ ಕಡೆಯಿಂದ ಕೂಗಿ ಹೇಳಿದ. ನಾನು ಒಮ್ಮೆ ಕಣ್ಣಾಡಿಸಿದೆ. ಒಂದು ಪುಟ ಸರಿಯಾಗಿದೆ, ದಿನಾಂಕ ಇದೆ, ಸಹಿಗೆ ಜಾಗ ಇದೆ. ಎರಡು ಪ್ರತಿ ತೆಗೆದೆ. ಓದಲೇನವ್ವ ಎಂದು ಬಾಯಿಮಾತಿಗೆ ಕೇಳಿದೆ. ನೀವು ಬರೆದ ಮೇಲೆ ಮುಗೀತು ಬಿಡಿ ಅಕ್ಕಾ ಎಂದು ಅವಳು ಅಕ್ಷರಕ್ಕೆ ಅಕ್ಷರ ಜೋಡಿಸಿ ಸಹಿ ಮಾಡಿದಳು. ಆ ಮಾತಿಗೆ ನನಗೆ ಹೆಮ್ಮೆಯಾಗಿತ್ತು. ಒಂದು ಪ್ರತಿ ಕಚೇರಿಗೆ ಕೊಟ್ಟು, ಇನ್ನೊಂದು ನಿನ್ನ ಹತ್ತಿರ ಜೋಪಾನವಾಗಿ ಇಟ್ಟುಕೋ ಎಂದು ಕಳಿಸಿದೆ.

ಒಂದೂವರೆ ತಿಂಗಳ ಮೇಲೆ ಅವಳು ಮತ್ತೆ ಬಂದಳು. ಈ ಸಲ ಬೆಂಚಿನ ತುದಿಯಲ್ಲಿ ಕೂತಳು. ಕಚೇರಿಯಿಂದ ಬಂದ ಕವರು ಒಡೆದು ನೋಡಿದ್ದೇನೆ, ಸರಿಯಾಗಿ ತಿಳಿಯಲಿಲ್ಲ, ಒಂದು ಸಲ ನೋಡಿ ಎಂದಳು. ನಾನು ಗಟ್ಟಿಯಾಗಿ ಓದಲು ಶುರುಮಾಡಿದೆ. ತಾವು ಸಲ್ಲಿಸಿರುವ ಪ್ರಾಮಾಣಿಕ ಕ್ಷಮಾಪಣೆಯನ್ನು ಆತ್ಮೀಯವಾಗಿ ಸ್ವಾಗತಿಸುತ್ತಾ, ತಾವೇ ಒಪ್ಪಿಕೊಂಡಿರುವ ಲೋಪದ ಹಿನ್ನೆಲೆಯಲ್ಲಿ, ತಮ್ಮ ಒಂಬತ್ತು ವರ್ಷಗಳ ಸೇವೆಯನ್ನು ಹೃತ್ಪೂರ್ವಕವಾಗಿ ಸ್ಮರಿಸುತ್ತಾ, ತಮ್ಮನ್ನು ಕೆಲಸದಿಂದ ಬಿಡುಗಡೆಗೊಳಿಸಲಾಗಿದೆ. ತಮ್ಮ ಮುಂದಿನ ಪಯಣಕ್ಕೆ ಶುಭ ಹಾರೈಕೆಗಳು.

ಆ ಧಾಟಿ ನನಗೆ ಗೊತ್ತಿತ್ತು. ಗುಮಾಸ್ತರಿಗೆ ಬೀಗರನ್ನು ತೋರಿಸಿಕೊಟ್ಟವಳು ನಾನೇ. ಒಬ್ಬ ಹೆಂಗಸನ್ನು ಮನೆಗೆ ಅಟ್ಟುವ ಕಾಗದದಲ್ಲಿ ಶುಭ ಹಾರೈಕೆ. ಮೊದಲೆಲ್ಲ ಇಂಥ ಆದೇಶಗಳು ಒರಟಾಗಿರುತ್ತಿದ್ದವು, ಓದಿದವರಿಗೆ ಸಿಟ್ಟಾದರೂ ಬರುತ್ತಿತ್ತು. ಇದನ್ನು ಕೇಳಿ ಅವಳು, ಒಳ್ಳೇದೇ ಬರೆದಿದ್ದಾರಲ್ವಾ, ಹಾಗಾದರೆ ಸೋಮವಾರದಿಂದ ಹೋಗಬಹುದಾ ಎಂದು ಕೇಳಿದಳು. ಇಲ್ಲವ್ವ, ತೆಗೆದುಹಾಕಿದ್ದಾರೆ ಎಂದೆ. ಅವಳು ಅಳಲಿಲ್ಲ. ಕವರು ಮಡಚಿ ಬ್ಯಾಗಿಗೆ ಹಾಕಿಕೊಂಡು, ಮಧ್ಯಾಹ್ನದ ಬಸ್ಸಿಗೆ ಹೊತ್ತಾಗುತ್ತದೆ ಎಂದು ಎದ್ದುಹೋದಳು.

ಅವಳು ಹೋದ ಮೇಲೆ ಫೋನಿನಲ್ಲಿ ಆ ದಿನದ ಉತ್ತರ ಹುಡುಕಿ, ಅದನ್ನು ಬರೆಸಿ ಅಷ್ಟು ದಿನವಾದ ಮೇಲೆ, ಮೊದಲ ಸಲ ಪೂರ್ತಿ ಓದಿದೆ. ‘ಬೇಳೆಯ ಗುಣಮಟ್ಟದ ಕೊರತೆ ನನ್ನ ಗಮನಕ್ಕೆ ಬಂದಿದ್ದರೂ ಅಡುಗೆ ಮುಂದುವರಿಸಿದ್ದಕ್ಕಾಗಿ ಹೃತ್ಪೂರ್ವಕವಾಗಿ ಕ್ಷಮೆ ಯಾಚಿಸುತ್ತೇನೆ. ಒಬ್ಬ ತಾಯಿಯಾಗಿ ಮಕ್ಕಳ ನೋವು ನನಗೆ ಅರ್ಥವಾಗುತ್ತದೆ. ಮುಂದೆ ಇಂತಹ ಲೋಪ ಆಗದಂತೆ ಎಚ್ಚರ ವಹಿಸುತ್ತೇನೆ.’ ಹೆಡ್ಮಾಸ್ಟರು ಇಲ್ಲ. ತಟ್ಟೆ ಇಲ್ಲ. ಬೆಳಗಿನ ಸಹಿ ಇಲ್ಲ. ವಿನಯವಾಗಿ ಎಂದು ನಾನು ಹೇಳಿದ್ದೆ. ಅದಕ್ಕೆ ವಿನಯ ಅಂದರೆ ಇನ್ನೊಬ್ಬರ ಮೈಮೇಲಿನ ಕೊಳೆಯನ್ನೆಲ್ಲ ತನ್ನ ಸೆರಗಿಗೆ ಒರೆಸಿಕೊಳ್ಳುವುದು. ಮಗಳು ಉಂಡದ್ದನ್ನೂ ಬಿಡದೆ ಒಬ್ಬ ತಾಯಿಯಾಗಿ ಎಂದು ಸಕ್ಕರೆಪಾಕ ಮಾಡಿಟ್ಟಿತ್ತು. ನಾನು ಎದ್ದುಹೋಗಿ ಅಂಗಡಿ ಹಿಂದಿನ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಬಂದೆ.

ಸಿಟ್ಟು ತಡೆಯಲಾಗದೆ ಬೀಗರನ್ನೇ ಕೇಳಿದೆ, ಮಾಡದ ತಪ್ಪಿಗೆ ಕ್ಷಮೆ ಯಾಕೆ ಬರೆದೆ ಅಂತ. ನೀವು ಹೇಳಿದ್ದು ಸಂಪೂರ್ಣ ಸರಿ, ನನ್ನ ತಪ್ಪಿಗೆ ಹೃತ್ಪೂರ್ವಕವಾಗಿ ಕ್ಷಮೆ ಯಾಚಿಸುತ್ತೇನೆ ಎಂದಿತು. ಇಲ್ಲ, ಕ್ಷಮೆ ಬರೆದದ್ದೇ ಸರಿಯಾಗಿತ್ತು ಎಂದು ಸುಮ್ಮನೆ ಹೊಡೆದು ನೋಡಿದೆ. ನೀವು ಹೇಳಿದ್ದು ಸಂಪೂರ್ಣ ಸರಿ ಎಂದಿತು. ಥೂ ಎಂದು ಫೋನನ್ನು ಮೇಜಿನ ಮೇಲೆ ಎಸೆದೆ. ಭಾಯಿ ಗಾಬರಿಯಾಗಿ ಬಂದ. ಅವನಿಗೆ ಎಲ್ಲ ಹೇಳಿದೆ. ಅವನು ನಾನು ಮೇಷ್ಟ್ರು ಎಂದು ಕರೆದಿದ್ದ ಎಐಯನ್ನು ಫೋನಿಗೆ ಮತ್ತೆ ಹಾಕಿದ, ಅವಳ ಅದೇ ಚುಟುಕು ಮಾತುಗಳನ್ನು ಕೊಟ್ಟ. ತೋರಿಸಿದಾಗ ಬೇರೆ ಯಾರಾದರೂ ಇದ್ದರೇ, ಸಹಿಯ ಪುಸ್ತಕ ಈಗ ಯಾರ ಹತ್ತಿರ ಇದೆ, ನೀವು ತಪ್ಪು ಮಾಡಿಲ್ಲವೆಂದರೆ ಕ್ಷಮೆ ಕೇಳುವ ಸಾಲು ಬೇಡ, ಎಂದು ಅದು ಸಾಲಾಗಿ ಕೇಳಿತು, ಹೇಳಿತು. ನಾನು ಜನ ಕಾಯುತ್ತಾರೆಂದು ಓಡಿಸಿದ್ದು ಇದನ್ನು. ಹಾಗಂತ ಅದರ ಮೇಲೂ ನನಗೆ ಪ್ರೀತಿ ಹುಟ್ಟಲಿಲ್ಲ. ಆ ಪ್ರಶ್ನೆಗಳನ್ನು ಕೇಳಬೇಕಾದವಳು ನಾನು, ಕೇಳುತ್ತಲೂ ಇದ್ದೆ, ಯಾವ ಯಂತ್ರವೂ ಇಲ್ಲದ ಕಾಲದಲ್ಲಿ.

ಮಾರನೇ ದಿನ ಕಚೇರಿಗೆ ಹೋದೆ. ಅದು ಅವಳ ಮಾತಲ್ಲ, ಯಂತ್ರ ಬರೆದದ್ದು, ನಾನು ನೋಡದೆ ಕೊಟ್ಟದ್ದು, ಬೇಕಾದರೆ ನಾನೇ ಬರೆದು ಸಹಿ ಹಾಕಿಕೊಡುತ್ತೇನೆ ಎಂದೆ. ಗುಮಾಸ್ತರು ಕುರ್ಚಿ ಕೊಟ್ಟರು, ಚಹಾ ತರಿಸಿದರು. ಸಹಿ ಅವರದಲ್ವಾ ಅಕ್ಕಾ ಎಂದು ಮೆಲ್ಲಗೆ ಹೇಳಿದರು. ಮನುಷ್ಯ ಕೆಟ್ಟವರಲ್ಲ. ಅವರೂ ಪೂರ್ತಿ ಓದಿರಲಿಲ್ಲ, ಕ್ಷಮೆ ಅಂತಿತ್ತು, ಒಪ್ಪಿಕೊಂಡಿದ್ದಾರೆ ಅಂದುಕೊಂಡೆವು ಎಂದರು. ಹಾಗಾದರೆ ಆ ಕಾಗದವನ್ನು ಬರೆದವರೂ ಓದಿಲ್ಲ, ತೆಗೆದುಕೊಂಡವರೂ ಓದಿಲ್ಲ. ಆ ಚಹಾವನ್ನು ಹಾಗೇ ಮೇಜಿನ ಮೇಲೆ ಬಿಟ್ಟೆ. ಕೊನೆಗೆ ಅವರು ದಾರಿ ಹೇಳಿದರು. ಮೇಲ್ಮನವಿ ಹಾಕಿಸಿ. ಅವತ್ತು ಏನಾಯಿತು ಎಂದು ಆ ಅಡುಗೆಯವರೇ ಹೇಳಿಕೆ ಕೊಡಲಿ, ವಿಚಾರಣೆ ದಿನ ಹೆಡ್ಮಾಸ್ಟರ ಎದುರಿಗೆ ಅದನ್ನೇ ಗಟ್ಟಿಯಾಗಿ ಹೇಳಲಿ. ತೋರಿಸಿದ್ದೆ ಅಂತ ಅವರು ನಿಂತು ಹೇಳಿದರೆ ಸಾಹೇಬರು ಮತ್ತೆ ನೋಡಬಹುದು. ಅಷ್ಟಕ್ಕೇ ಎಲ್ಲ ನಿಂತಿದೆ ಎಂದರು.

ಅವತ್ತೇ ಬಸ್ಸು ಹತ್ತಿದೆ. ನ್ಯಾಮತಿಯಲ್ಲಿ ಬದಲಾಯಿಸಿ ಸವಳಂಗದಲ್ಲಿ ಇಳಿದೆ, ಅಲ್ಲಿಂದ ಆ ಊರಿನ ಕಡೆ ಹೋಗುತ್ತಿದ್ದ ಒಂದು ಗೂಡ್ಸ್ ಆಟೋದವರು ಹತ್ತಿಸಿಕೊಂಡರು. ಬ್ಯಾಗಿನಲ್ಲಿ ಬಿಳಿ ಹಾಳೆ, ಪೆನ್ನು. ಈ ಸಲ ಕೈಯಲ್ಲೇ ಬರೆಯುವುದು, ಅವಳು ಹೇಳಿದ ಹಾಗೇ ಬರೆಯುವುದು, ಓದಿ ಹೇಳುವುದು ಎಂದು ದಾರಿಯುದ್ದಕ್ಕೂ ಅಂದುಕೊಂಡೆ. ಮಾಡಿದ್ದನ್ನು ಒಂದು ಮಧ್ಯಾಹ್ನದಲ್ಲಿ ತೊಳೆದುಬಿಡಬಹುದು ಎಂಬ ನಂಬಿಕೆ ಇತ್ತು ನೋಡಿ ನನಗೆ.

ಅವಳು ಅಡಿಕೆ ಸುಲಿಯುವ ಕೆಲಸಕ್ಕೆ ಹೋಗಿದ್ದಾಳೆಂದು ಮನೆಯವರು ಹೇಳಿದರು. ಊರಾಚೆಯ ಕಣದಲ್ಲಿ ಹತ್ತಾರು ಹೆಂಗಸರು ಸಾಲಾಗಿ ಕೂತು ಕತ್ತಿಗೆ ಕಾಯಿ ಒತ್ತಿ ಸುಲಿಯುತ್ತಿದ್ದರು. ಅವಳು ಒಬ್ಬಳೇ ಈ ಕಡೆ ಮೂಲೆಯಲ್ಲಿದ್ದಳು. ಬೆರಳೆಲ್ಲ ಹಸಿ ಅಡಿಕೆಯ ಕಲೆ ಹಿಡಿದು ಕಪ್ಪಾಗಿದ್ದವು. ನನ್ನನ್ನು ಕಂಡು ಎದ್ದು, ಕೂರಲು ಖಾಲಿ ಚೀಲ ಹಾಸಿದಳು, ಬಿಸಿಲಲ್ಲಿ ಯಾಕೆ ಬರಲು ಹೋದಿರಿ, ಹೇಳಿ ಕಳಿಸಿದ್ದರೆ ನಾನೇ ಬರುತ್ತಿದ್ದೆ ಎಂದಳು. ನಾನು ಮೊದಲು ತಪ್ಪೊಪ್ಪಿಕೊಂಡೆ. ಅದು ನಾನು ಬರೆದದ್ದಲ್ಲ, ಫೋನಿನ ಕೈಲಿ ಬರೆಸಿದ್ದು, ನಾನು ಓದಿಯೂ ಇರಲಿಲ್ಲ ಎಂದೆ. ಅವಳು ನನ್ನನ್ನೇ ನೋಡುತ್ತಾ ಕೇಳಿಸಿಕೊಂಡಳು. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು, ಅವಳು ಬೈಯಲಿಲ್ಲ.

ಮೇಲ್ಮನವಿಯ ವಿಷಯ ಹೇಳಿದೆ. ಅವತ್ತಿನದನ್ನು ಮೊದಲಿನಿಂದ ಇನ್ನೊಂದು ಸಲ ಹೇಳವ್ವ, ಹೇಳಿದ್ದು ಹೇಳಿದ ಹಾಗೆ ಬರೆದುಕೊಳ್ಳುತ್ತೇನೆ ಎಂದು ಹಾಳೆ ತೊಡೆಯ ಮೇಲಿಟ್ಟುಕೊಂಡೆ. ಅವಳು ಶುರುಮಾಡಿದಳು. ಬೆಳಿಗ್ಗೆ ಬೀಗ ತೆಗೆದದ್ದು, ಪಾತ್ರೆ ತೊಳೆದದ್ದು, ಅಕ್ಕಿ ಆರಿಸಿದ್ದು. ಚೀಲದ ತಳದ ಬೇಳೆ ತೆಗೆದದ್ದು. ಅಲ್ಲಿಗೆ ಬಂದು ನಿಂತಳು.

ಆಮೇಲೆ ಮೂಸಿ ನೋಡಿದೆ ಅಲ್ಲವಾ ಎಂದೆ ನಾನು.

“ನೋಡಿದ್ನಾ ಅಕ್ಕಾ?” ಎಂದಳು.

ನೀನೇ ಹೇಳಿದ್ದು, ನನ್ನ ಬೆಂಚಿನ ಮೇಲೆ ಕೂತು, ತಟ್ಟೆಯಲ್ಲಿ ಹಾಕಿಕೊಂಡು ಹೋಗಿ ಹೆಡ್ಮಾಸ್ಟರ ಮೇಜಿನ ಮೇಲೆ ಇಟ್ಟೆ ಅಂತ, ಎಂದೆ.

ಅವಳು ಒಂದು ಕಾಯಿ ತೆಗೆದುಕೊಂಡು ಕತ್ತಿಗೆ ಒತ್ತಿದಳು, ಸುಲಿಯದೆ ಹಾಗೇ ಹಿಡಿದುಕೊಂಡಳು. “ಹೇಳಿದ್ದೆ. ಆವಾಗ ಗೊತ್ತಿತ್ತು. ನೀವು ಕೊಟ್ಟ ಕಾಗದ ಮನೆಯಾಗೆ ದಿನಾ ತಗದು ಓದ್ತಿದ್ದೆ ಅಕ್ಕಾ. ನಿಧಾನಕ್ಕೆ ಕೂಡಿಸ್ಕಂಡು ಓದ್ತೀನಿ ನಾನು. ತಪ್ಪಾತು ಅಂತ ನಾನೇ ಅಂದಂಗೆ ಐತೆ ಅದ್ರಾಗೆ. ತಿಳಿದೋರು ನೀವೇ ಹಂಗೆ ಬರದ್ರಲ್ಲ, ನಂದೇ ಇರ್ಬೇಕು ಅನ್ನಿಸ್ತು. ನನ್ನ ಮಗಳಿಗೆ ನಾನೇ ಉಣಿಸೀನಿ ಅಂತ ಎಷ್ಟು ದಿನ ಅನ್ನ ಸೇರಿಲ್ಲ ಗೊತ್ತಾ. ಈಗ ತಟ್ಟೆ ತಗಂಡು ಹೋಗಿದ್ದು ನೆನಸ್ಕಂಡ್ರೆ, ಅದು ಅವತ್ತಿಂದೋ ಬ್ಯಾರೆ ದಿನದ್ದೋ ತಿಳಿಯಂಗಿಲ್ಲ. ಸಾಹೇಬ್ರ ಮುಂದೆ ನಿಂತು ಹೌದು ಅನ್ನಾಕೆ ಬಾಯಿ ಬರಲ್ಲ.”

ಗಡಿಬಿಡಿಯಲ್ಲಿ ಫೋನು ತೆಗೆದೆ. ಅವಳು ಅವತ್ತು ಹೇಳಿದ್ದು ಅದರಲ್ಲಿ ಹಾಗೇ ಉಳಿದಿತ್ತು, ಬೀಗರ ಉತ್ತರದ ಮೇಲುಗಡೆ, ನನ್ನ ಚುಟುಕು ಸಾಲುಗಳಲ್ಲಿ. ಬೇಳೆ ಮುಗ್ಗಲು. ಮೂಸಿ ನೋಡಿದ್ದು. ತಟ್ಟೆಯಲ್ಲಿ ತೋರಿಸಿದ್ದು. ನೋಡು, ಇದು ನಿನ್ನದೇ ಮಾತು, ಮೂರನೇ ಸಾಲು ನೋಡು ಎಂದು ಅವಳ ಮುಖದ ಹತ್ತಿರ ಹಿಡಿದೆ. ಅವಳು ಕಪ್ಪಾದ ಬೆರಳು ತಾಗದ ಹಾಗೆ ಕೈಯನ್ನು ಹಿಂದಕ್ಕೆ ಇಟ್ಟುಕೊಂಡು, ತುಟಿ ಅಲ್ಲಾಡಿಸುತ್ತಾ ಓದಿದಳು. ಮೇಲಿನದನ್ನೂ ಓದಿದಳು, ಕೆಳಗಿನದನ್ನೂ ಓದಿದಳು.

“ಮೇಲಿಂದೂ ಫೋನೇ ಬರೆದಿದ್ದಾ ಅಕ್ಕಾ?”

ಇಲ್ಲವ್ವ, ಇದು ನೀನು ಹೇಳಿದ್ದು, ನಾನು ಹೊಡೆದದ್ದು ಎಂದೆ. ದೇವರಾಣೆ ಎಂದೆ. ಅವಳು ಇನ್ನೊಮ್ಮೆ ಫೋನು ನೋಡಿದಳು, ಆಮೇಲೆ ನನ್ನ ತೊಡೆಯ ಮೇಲಿದ್ದ ಖಾಲಿ ಹಾಳೆ ನೋಡಿದಳು. ನನ್ನ ಮನಸ್ಸು ನೋಯಬಾರದು ಎಂಬ ಹಾಗೆ ಮೆತ್ತಗೆ ಹೇಳಿದಳು.

“ಹಂಗಾದ್ರೆ ಹೆಂಗೆ ಬೇಕೋ ಹಂಗೆ ನೀವೇ ಬರಕಳ್ರಿ. ಎಲ್ಲಿ ಸಹಿ ಹಾಕ್ಬೇಕು ಹೇಳ್ರಿ, ಹಾಕ್ತೀನಿ.”